ಅಮ್ಮನ ಕೈಗೆ ಇನ್ನೊಂದು ಕೈ

ಬೆಳವಣಿಗೆಯ ತೊಡಕಿರುವ ಮಕ್ಕಳನ್ನು ಸಾಕುವ ತಾಯಂದಿರು ತಮ್ಮ ಆರೋಗ್ಯ, ನೆಮ್ಮದಿಯನ್ನು ಕಾಪಾಡಿಕೊಳ್ಳುವುದು ಹೇಗೆ? ಮನೆಯವರು ಏನು ಮಾಡಬೇಕು? ಎಲ್ಲಿ ಯಾವ ನೆರವು ಸಿಗುತ್ತದೆ?

ಮಗುವಿಗೆ ಆಟಿಸಂ, ಡೌನ್ ಸಿಂಡ್ರೋಮ್, ಸೆರೆಬ್ರಲ್ ಪಾಲ್ಸಿ ಅಥವಾ ಬೌದ್ಧಿಕ ವಿಕಲತೆ ಇದೆ ಎಂದು ಡಾಕ್ಟರು ಹೇಳಿದ ದಿನದಿಂದ ಮನೆಯೊಳಗೆ ಸದ್ದಿಲ್ಲದೆ ಒಂದು ಬದಲಾವಣೆ ಆಗಿಬಿಡುತ್ತದೆ. ಮಗುವಿನ ಊಟ, ನಿದ್ದೆ, ಔಷಧಿ, ಥೆರಪಿ, ಆಸ್ಪತ್ರೆಯ ಫೈಲು ಎಲ್ಲವೂ ಒಬ್ಬರ ಹೆಗಲಿಗೆ ಬಂದು ಕೂರುತ್ತವೆ. ಹೆಚ್ಚಿನ ಮನೆಗಳಲ್ಲಿ ಆ ಒಬ್ಬರು ತಾಯಿ. ನೌಕರಿ ಬಿಡುವವಳು ಅವಳು. ಮದುವೆ, ಗೃಹಪ್ರವೇಶಕ್ಕೆ ಹೋಗದೆ ಉಳಿಯುವವಳು ಅವಳು. ರಾತ್ರಿ ಮೂರು ಗಂಟೆಗೆ ಮಗು ಎದ್ದು ಕೂತರೆ ಜೊತೆಗೆ ಕೂರುವವಳೂ ಅವಳೇ. ಬಂದ ನೆಂಟರು 'ನಿನ್ನ ತಾಳ್ಮೆ ದೊಡ್ಡದಮ್ಮ, ದೇವರು ನೋಡಿಯೇ ಕೊಟ್ಟಿದ್ದಾನೆ' ಎಂದು ಹೊಗಳಿ ಹೋಗುತ್ತಾರೆ. ಆ ಹೊಗಳಿಕೆಯಿಂದ ಅವಳ ನಿದ್ದೆಗೆ ಒಂದು ಗಂಟೆಯೂ ಸೇರುವುದಿಲ್ಲ.

ಈ ಲೇಖನ ಅಂಥ ತಾಯಂದಿರಿಗೆ, ಅವರ ಮನೆಯವರಿಗೆ. ಇಲ್ಲಿ ಹೇಳಬೇಕಾದದ್ದು ಮುಖ್ಯವಾಗಿ ಒಂದೇ ಮಾತು. ಈ ದಾರಿ ಹತ್ತಿಪ್ಪತ್ತು ವರ್ಷಗಳದ್ದು, ಕೆಲವರಿಗೆ ಜೀವಮಾನದ್ದು. ಇಷ್ಟು ದೂರ ನಡೆಯಲು ಒಬ್ಬಳ ಸಹನೆ ಸಾಲದು, ಅವಳ ಕೆಲಸಕ್ಕೆ ಇನ್ನೊಂದು ಕೈ ಸೇರಲೇಬೇಕು. ಆ ಕೈ ತಾನಾಗಿ ಬರುವುದಿಲ್ಲ. ಕೇಳಬೇಕು, ಕಲಿಸಬೇಕು, ರೂಢಿ ಮಾಡಿಸಬೇಕು.

ಈ ದಣಿವನ್ನು ಅಳೆದು ನೋಡಿದ್ದಾರೆ

'ಎಲ್ಲ ತಾಯಂದಿರಿಗೂ ಕಷ್ಟ ಇದ್ದದ್ದೇ' ಎಂಬ ಮಾತನ್ನು ನೀವು ಕೇಳಿರುತ್ತೀರಿ. ಆದರೆ ನಿಮ್ಮ ದಣಿವಿಗೆ ದೇಹದಲ್ಲೇ ಗುರುತುಗಳಿವೆ. 2004ರಲ್ಲಿ ಅಮೆರಿಕದ ಎಲಿಸ್ಸಾ ಎಪೆಲ್, ಎಲಿಜಬೆತ್ ಬ್ಲ್ಯಾಕ್‌ಬರ್ನ್ ಮತ್ತು ಅವರ ಸಂಗಡಿಗರು 58 ತಾಯಂದಿರ ರಕ್ತಕಣಗಳನ್ನು ಪರೀಕ್ಷಿಸಿದರು. ಅವರಲ್ಲಿ 39 ಮಂದಿಯ ಮಕ್ಕಳಿಗೆ ದೀರ್ಘಕಾಲದ ಆರೋಗ್ಯ ಸಮಸ್ಯೆಗಳಿದ್ದವು. ನಮ್ಮ ಜೀವಕೋಶಗಳಲ್ಲಿರುವ ಕ್ರೋಮೋಸೋಮುಗಳ ತುದಿಗೆ ಟೆಲೊಮಿಯರ್ ಎಂಬ ರಕ್ಷಾಕವಚ ಇರುತ್ತದೆ, ವಯಸ್ಸಾದಂತೆ ಅದು ಕುಗ್ಗುತ್ತದೆ. ಆರೈಕೆಯ ವರ್ಷಗಳು ಹೆಚ್ಚಿದಷ್ಟೂ ಆ ತಾಯಂದಿರಲ್ಲಿ ಅದು ಹೆಚ್ಚು ಕುಗ್ಗಿತ್ತು. ಒತ್ತಡ ವಿಪರೀತವಾಗಿದೆ ಎಂದು ತಾವೇ ಹೇಳಿಕೊಂಡವರಲ್ಲೂ ಅದೇ ಸ್ಥಿತಿ. ಟೆಲೊಮಿಯರ್ ಕುರಿತ ಕೆಲಸಕ್ಕೆ ಬ್ಲ್ಯಾಕ್‌ಬರ್ನ್ ಅವರಿಗೆ 2009ರಲ್ಲಿ ನೊಬೆಲ್ ಬಂತು.

ಸಮಾಧಾನದ ಸುದ್ದಿಯೂ ಇದೆ. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಎಲಿಸಬೆತ್ ಡೈಕೆನ್ಸ್ ತಂಡ ಬೆಳವಣಿಗೆಯ ತೊಡಕಿರುವ ಮಕ್ಕಳನ್ನು ಸಾಕುವ 243 ತಾಯಂದಿರ ಜೊತೆ ನಡೆಸಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಆರಂಭದಲ್ಲಿ ಅವರಲ್ಲಿ ಶೇ 85ರಷ್ಟು ಮಂದಿ ತೀವ್ರ ಒತ್ತಡದಲ್ಲಿದ್ದರು, ಶೇ 48ರಷ್ಟು ಮಂದಿಗೆ ಖಿನ್ನತೆ ಇತ್ತು, ಶೇ 41ರಷ್ಟು ಮಂದಿಗೆ ಆತಂಕದ ಕಾಯಿಲೆ ಇತ್ತು. ವಾರಕ್ಕೊಮ್ಮೆ ಒಂದೂವರೆ ಗಂಟೆಯಂತೆ ಆರು ವಾರ ಅವರು ಗುಂಪಾಗಿ ಕೂತರು. ಕೆಲವು ಗುಂಪುಗಳಲ್ಲಿ ಉಸಿರಾಟ, ಧ್ಯಾನ, ಹಗುರವಾದ ದೇಹಚಲನೆ ಕಲಿಸಿದರು. ಉಳಿದವುಗಳಲ್ಲಿ ತಪ್ಪಿತಸ್ಥ ಭಾವ, ಚಿಂತೆಗಳನ್ನು ನಿಭಾಯಿಸುವುದನ್ನು, ತಮ್ಮ ಶಕ್ತಿಯನ್ನು ಗುರುತಿಸಿಕೊಳ್ಳುವುದನ್ನು ಕಲಿಸಿದರು. ಕಲಿಸಿದವರು ಅಂಥದೇ ಮಕ್ಕಳನ್ನು ಸಾಕುತ್ತಿದ್ದ, ತರಬೇತಿ ಪಡೆದ ಇತರ ತಾಯಂದಿರು. ಎರಡೂ ಬಗೆಯ ಗುಂಪುಗಳಲ್ಲಿ ಒತ್ತಡ, ಖಿನ್ನತೆ, ಆತಂಕ ಇಳಿದವು, ನಿದ್ದೆ ಸುಧಾರಿಸಿತು. ದುಬಾರಿ ಔಷಧಿ ಇಲ್ಲದೆ, ತಮ್ಮಂಥವರ ಜೊತೆ ಕೂತು ಕಲಿತದ್ದರಿಂದಲೇ ಇಷ್ಟು ಸಾಧ್ಯವಾಯಿತು.

ನೀವು ಒಂಟಿ ಅನ್ನಿಸುವುದೂ ಸಹಜ. ಆದರೆ ಭಾರತದ ಐದು ಪ್ರದೇಶಗಳಲ್ಲಿ 2ರಿಂದ 9 ವರ್ಷದ ಮಕ್ಕಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸುಮಾರು ಎಂಟರಲ್ಲಿ ಒಂದು ಮಗುವಿಗೆ ಒಂದಲ್ಲ ಒಂದು ನರಬೆಳವಣಿಗೆಯ ತೊಡಕಿದೆ. ಶ್ರವಣದೋಷ, ದೃಷ್ಟಿದೋಷ, ಮೂರ್ಛೆರೋಗವನ್ನೂ ಸೇರಿಸಿದ ಲೆಕ್ಕ ಇದು. ನಿಮ್ಮ ಬೀದಿಯಲ್ಲೇ ಇನ್ನೊಬ್ಬ ತಾಯಿ ಇರಬಹುದು.

ಮೊದಲು ಇಳಿಸಬೇಕಾದ ಭಾರ

'ಗ್ರಹಣದ ದಿನ ಹೊರಗೆ ಹೋಗಿದ್ದೆ', 'ಬಸುರಿಯಾಗಿದ್ದಾಗ ತುಂಬ ಅತ್ತಿದ್ದೆ', 'ಕೆಲಸಕ್ಕೆ ಹೋಗಿ ಮಗುವನ್ನು ಬಿಟ್ಟಿದ್ದೆ'. ಹೀಗೆ ತಾಯಂದಿರು ತಮ್ಮೊಳಗೇ ಒಂದು ಆರೋಪಪಟ್ಟಿ ಇಟ್ಟುಕೊಂಡಿರುತ್ತಾರೆ. ಮನೆಯವರು ಅದಕ್ಕೆ 'ನಿಮ್ಮ ಕಡೆಯವರಲ್ಲಿ ಯಾರಿಗೋ ಇತ್ತಂತೆ' ಎಂದು ಇನ್ನೊಂದು ಸಾಲು ಸೇರಿಸುತ್ತಾರೆ.

ತಾಯಿಯನ್ನು ದೂರುವ ಈ ಚಾಳಿ ನಮ್ಮಲ್ಲಿ ಮಾತ್ರ ಇದ್ದದ್ದಲ್ಲ. 1943ರಲ್ಲಿ ಲಿಯೋ ಕ್ಯಾನರ್ ಆಟಿಸಂ ಬಗ್ಗೆ ಬರೆದ ನಂತರದ ದಶಕಗಳಲ್ಲಿ, ತಾಯಿಯ ಪ್ರೀತಿ ತಣ್ಣಗಿದ್ದದ್ದರಿಂದಲೇ ಮಗು ಹೀಗಾಯಿತು ಎಂಬ ವಾದ ಪಾಶ್ಚಾತ್ಯ ದೇಶಗಳ ವೈದ್ಯರಲ್ಲೂ ಬೇರೂರಿತ್ತು. ಆಟಿಸಂ ಇರುವ ಮಗುವಿನ ತಂದೆಯೂ ಮನಶ್ಶಾಸ್ತ್ರಜ್ಞನೂ ಆಗಿದ್ದ ಬರ್ನಾರ್ಡ್ ರಿಮ್ಲಂಡ್ 1964ರಲ್ಲಿ ಬರೆದ ಪುಸ್ತಕ ಆ ವಾದದ ಬುಡ ಅಲ್ಲಾಡಿಸಿತು. ಇಂದು ವಿಜ್ಞಾನ ಅದನ್ನು ಪೂರ್ತಿ ಕೈಬಿಟ್ಟಿದೆ. ಆಟಿಸಂನಲ್ಲಿ ವಂಶವಾಹಿಗಳ ಪಾತ್ರ ದೊಡ್ಡದು. ಡೌನ್ ಸಿಂಡ್ರೋಮ್‌ಗೆ ಕಾರಣ 21ನೇ ಕ್ರೋಮೋಸೋಮಿನ ಹೆಚ್ಚುವರಿ ಪ್ರತಿ. ಸೆರೆಬ್ರಲ್ ಪಾಲ್ಸಿ, ಬೆಳೆಯುತ್ತಿರುವ ಮೆದುಳಿಗೆ ಆದ ಪೆಟ್ಟಿನಿಂದ ಬರುವಂಥದ್ದು. ಇವು ಯಾವುವೂ ತಾಯಿಯ ಅಳುವಿನಿಂದ, ನೌಕರಿಯಿಂದ, ಗ್ರಹಣದಿಂದ ಬಂದವಲ್ಲ. ಮುಂದಿನ ಸಲ ಡಾಕ್ಟರ ಬಳಿ ಹೋಗುವಾಗ ಗಂಡ, ಅತ್ತೆ, ಮಾವನನ್ನೂ ಕರೆದುಕೊಂಡು ಹೋಗಿ. 'ಇದು ಯಾಕಾಯಿತು ಅಂತ ಇವರಿಗೂ ಹೇಳಿ ಡಾಕ್ಟ್ರೇ' ಎಂದು ಅವರ ಎದುರಿಗೇ ಕೇಳಿ. ನೀವು ನೂರು ಸಲ ಹೇಳಿದರೂ ಕೇಳಿಸದ್ದು ಡಾಕ್ಟರ ಬಾಯಿಂದ ಒಂದು ಸಲಕ್ಕೇ ಕೇಳಿಸಬಹುದು.

ತಲೆಯಲ್ಲಿರುವುದು ಹಾಳೆಗೆ ಇಳಿಯಲಿ

'ನನ್ನ ಬಿಟ್ಟರೆ ಯಾರಿಗೂ ಇವನನ್ನು ನೋಡಿಕೊಳ್ಳಲು ಬರಲ್ಲ.' ತಾಯಂದಿರ ಈ ಮಾತು ನಿಜ. ಮಗುವಿನ ಪ್ರತಿ ಸನ್ನೆ, ಪ್ರತಿ ಭಯ, ಪ್ರತಿ ಇಷ್ಟ ಅವಳೊಬ್ಬಳ ತಲೆಯಲ್ಲಿದೆ. ಅದು ಅಲ್ಲೇ ಉಳಿದಷ್ಟು ದಿನ ಅವಳು ಜ್ವರ ಬಂದರೂ ಮಲಗುವಂತಿಲ್ಲ. ಆದ್ದರಿಂದ ಮೊದಲ ಕೆಲಸ ಇದು: ಒಂದು ಹಾಳೆ ತೆಗೆದುಕೊಂಡು ನಿಮ್ಮ ಮಗುವಿನ ಬಗ್ಗೆ ಬರೆಯಿರಿ. ಬರೆಯುವುದು ಕಷ್ಟವಾದರೆ ಮೊಬೈಲಿನಲ್ಲಿ ಹೇಳಿ ರೆಕಾರ್ಡ್ ಮಾಡಿ. ಹೀಗಿರಬಹುದು ಅದು:

• ಹಸಿವಾದರೆ ಹೇಳುವುದಿಲ್ಲ. ನಮ್ಮ ಕೈ ಹಿಡಿದು ಅಡುಗೆಮನೆಗೆ ಎಳೆಯುತ್ತಾನೆ.

• ಅನ್ನ, ಪಲ್ಯ ಒಂದಕ್ಕೊಂದು ತಾಗಬಾರದು. ತಾಗಿದರೆ ತಟ್ಟೆ ತಳ್ಳುತ್ತಾನೆ. ಅದು ಹಟವಲ್ಲ, ಬೇರೆ ತಟ್ಟೆಯಲ್ಲಿ ಕೊಡಿ.

• ಕುಕ್ಕರ್ ಸೀಟಿ, ಮಿಕ್ಸಿ ಸದ್ದಿಗೆ ಹೆದರುತ್ತಾನೆ. ಹಾಕುವ ಮೊದಲು ಹೇಳಿ, ಕಿವಿ ಮುಚ್ಚಿಕೊಳ್ಳಲು ಬಿಡಿ.

• ಒಂದೇ ಸಮನೆ ಕುಣಿಯತೊಡಗಿದರೆ ಟಾಯ್ಲೆಟ್ಟಿಗೆ ಕರೆದುಕೊಂಡು ಹೋಗಿ.

• ಗೇಟು ತೆರೆದಿದ್ದರೆ ಓಡುತ್ತಾನೆ. ನೀರು ಕಂಡರೆ ಇಳಿಯುತ್ತಾನೆ. ಬಾವಿ, ತೊಟ್ಟಿ, ಕೆರೆಯ ಹತ್ತಿರ ಕೈ ಬಿಡಲೇಬೇಡಿ.

• ಅಳು ಜೋರಾದರೆ ಬೈಯಬೇಡಿ, ಹೆಚ್ಚು ಮಾತಾಡಬೇಡಿ. ಲೈಟು, ಟಿವಿ ಆರಿಸಿ ಪಕ್ಕದಲ್ಲಿ ಕೂತರೆ ಸಾಕು.

• ಫಿಟ್ಸ್ ಬಂದರೆ ಒಂದು ಪಕ್ಕಕ್ಕೆ ಮಲಗಿಸಿ. ಬಾಯಿಗೆ ಚಮಚ, ನೀರು ಏನೂ ಹಾಕಬೇಡಿ. ಕೈಗೆ ಕಬ್ಬಿಣ ಕೊಡುವುದು, ಈರುಳ್ಳಿ ಮೂಸಿಸುವುದು ಬೇಡ. ಗಡಿಯಾರ ನೋಡಿ. ಐದು ನಿಮಿಷಕ್ಕೂ ನಿಲ್ಲದಿದ್ದರೆ ಆಸ್ಪತ್ರೆಗೆ ಹೊರಡಿ.

• ಔಷಧಿಯ ಹೆಸರು, ಎಷ್ಟು, ಯಾವ ಹೊತ್ತಿಗೆ. ಡಾಕ್ಟರ ಫೋನ್ ನಂಬರು.

ಈ ಹಾಳೆಯನ್ನು ಫ್ರಿಜ್ ಮೇಲೋ ಕ್ಯಾಲೆಂಡರಿನ ಪಕ್ಕದಲ್ಲೋ ಅಂಟಿಸಿ. ಶಾಲೆಯ ಟೀಚರಿಗೆ ಒಂದು ಪ್ರತಿ ಕೊಡಿ, ತವರಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ. ಆರು ತಿಂಗಳಿಗೊಮ್ಮೆ ತಿದ್ದಿ, ಮಗು ಬೆಳೆದಂತೆ ಹಾಳೆಯೂ ಬದಲಾಗಬೇಕು.

ಕೆಲಸ ಹಂಚುವ ಬಗೆ

'ಸ್ವಲ್ಪ ಸಹಾಯ ಮಾಡಿ' ಎಂದರೆ ಯಾರಿಗೂ ಏನು ಮಾಡಬೇಕೆಂದು ತೋಚುವುದಿಲ್ಲ. ಕೆಲಸ, ದಿನ, ಹೊತ್ತು ಮೂರನ್ನೂ ಹೇಳಿ. 'ಅತ್ತೆ, ಮಂಗಳವಾರ, ಗುರುವಾರ ಸಂಜೆ ಐದರಿಂದ ಆರು ಗಂಟೆವರೆಗೂ ಪುಟ್ಟನ್ನ ನೀವು ನೋಡ್ಕೊಳಿ, ನಾನು ಸ್ವಲ್ಪ ಮಲಗ್ತೀನಿ.' 'ರೀ, ಭಾನುವಾರದ ಸ್ನಾನ, ತಿಂಡಿ ನಿಮ್ದು. ನಾನು ಆ ಹೊತ್ತು ಮನೇಲಿರಲ್ಲ.' ಹೀಗೆ ಹೇಳಿದರೆ ನುಣುಚಿಕೊಳ್ಳುವುದು ಕಷ್ಟ, ಒಪ್ಪಿಕೊಳ್ಳುವುದು ಸುಲಭ.

ಒಪ್ಪಿಸುವ ಮುನ್ನ ಕಲಿಸಿ. ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ಊಟ ಮಾಡಿಸುವುದನ್ನೇ ನೋಡೋಣ. ಮಲಗಿಸಿ ಒಳಲೆಯಲ್ಲಿ ಸುರಿಯುವುದು ಅಜ್ಜಿಗೆ ಗೊತ್ತಿರುವ ದಾರಿ. ಆದರೆ ಹಾಗೆ ಸುರಿದ ಗಂಜಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಮಗುವನ್ನು ನೆಟ್ಟಗೆ ಕೂರಿಸಬೇಕು, ಕಾಲಿಗೆ ಆಸರೆ ಇರಬೇಕು, ಕತ್ತು ಹಿಂದಕ್ಕೆ ವಾಲದೆ ಗಲ್ಲ ತುಸು ಕೆಳಗಿರಬೇಕು. ಊಟ ಕೊಡುವವರು ಎದುರಿಗೆ, ಮಗುವಿನ ಕಣ್ಣಿನ ಎತ್ತರದಲ್ಲೇ ಕೂರಬೇಕು. ಚಿಕ್ಕ ಚಮಚ, ಸ್ವಲ್ಪ ಸ್ವಲ್ಪವೇ ತುತ್ತು. ನುಂಗಿತೆಂದು ಖಾತ್ರಿಯಾದ ಮೇಲೆಯೇ ಮುಂದಿನದು. ಮೊದಲು ನೀವು ಮಾಡಿ ಅಜ್ಜಿ ನೋಡಲಿ. ಆಮೇಲೆ ಅಜ್ಜಿ ಮಾಡಲಿ, ನೀವು ಪಕ್ಕದಲ್ಲಿರಿ. ಮೂರನೆಯ ಹಂತದಲ್ಲಿ ನೀವು ಕೋಣೆಯಿಂದ ಹೊರಗೆ ಬನ್ನಿ. ಈ ಮೂರನೆಯದೇ ತಾಯಂದಿರಿಗೆ ಕಷ್ಟ. ಅವರು ನಿಮ್ಮಷ್ಟು ಚೆನ್ನಾಗಿ ಮಾಡುವುದಿಲ್ಲ, ಅಂಗಿಯೆಲ್ಲ ಗಂಜಿಯಾಗುತ್ತದೆ, ಹೊತ್ತು ಹಿಡಿಯುತ್ತದೆ. ಮಗು ಕ್ಷೇಮವಾಗಿದ್ದರೆ ಉಳಿದದ್ದನ್ನು ಬಿಟ್ಟುಬಿಡಿ, ತಿದ್ದಲು ಹೋಗಬೇಡಿ.

ತಂದೆಯರಿಗೆ ಒಂದು ಮಾತು. ಥೆರಪಿಯ ಫೀಸು ಕಟ್ಟುವುದು, ಬೈಕಿನಲ್ಲಿ ಬಿಟ್ಟು ಬರುವುದು ಅಗತ್ಯ, ಆದರೆ ಅಷ್ಟು ಸಾಲದು. ಮಗುವಿನ ದಿನಚರಿಯ ಒಂದು ಭಾಗವನ್ನು ಪೂರ್ತಿ ನಿಮ್ಮದಾಗಿಸಿಕೊಳ್ಳಿ, ನೆನಪಿಸುವ ಕೆಲಸವೂ ಹೆಂಡತಿಗೆ ಬೀಳದ ಹಾಗೆ. ರಾತ್ರಿ ನಿದ್ದೆ ಕೆಡಿಸುವ ಮಗುವಾದರೆ ದಿನ ಬಿಟ್ಟು ದಿನ ಪಾಳಿ ಮಾಡಿಕೊಳ್ಳಿ.

ಅಕ್ಕ, ಅಣ್ಣ, ತಂಗಿ, ತಮ್ಮಂದಿರು ಸಣ್ಣಪುಟ್ಟ ನೆರವಾಗಲಿ, ಆದರೆ ಅವರನ್ನು ಇನ್ನೊಬ್ಬ ತಾಯಿಯಾಗಿಸಬೇಡಿ. ಅವರಿಗೂ ದಿನಕ್ಕೆ ಹತ್ತು ನಿಮಿಷವಾದರೂ ನಿಮ್ಮ ಪೂರ್ತಿ ಗಮನ ಸಿಗಲಿ.

ಥೆರಪಿ ದಿನಚರಿಯೊಳಗೇ ಸೇರಲಿ

ವಾರವಿಡೀ ಒಂದು ಸೆಂಟರಿನಿಂದ ಇನ್ನೊಂದಕ್ಕೆ ಓಡುವ ತಾಯಿ ಸುಸ್ತಾಗುತ್ತಾಳೆ, ಮಗುವೂ ಸುಸ್ತಾಗುತ್ತದೆ. ಬೆಳವಣಿಗೆ ತಡವಾದ 2ರಿಂದ 9 ವರ್ಷದ ಮಕ್ಕಳ ಮನೆಯವರಿಗೆ ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿರುವ ತರಬೇತಿಯ ಮೂಲ ತತ್ವವೇ ಇದು: ಆಟ, ಊಟ, ಸ್ನಾನದಂಥ ದಿನನಿತ್ಯದ ಕೆಲಸಗಳಲ್ಲೇ ಮಗುವಿಗೆ ಮಾತು, ಕೌಶಲ ಕಲಿಸುವುದು. ಅದರಲ್ಲಿ ಪೋಷಕರ ಸ್ವಂತ ಆರೋಗ್ಯವೂ ಪಾಠದ ಭಾಗ. ಬಟ್ಟೆ ಮಡಿಸುವಾಗ 'ಕೆಂಪು ಅಂಗಿ ಕೊಡು' ಎಂದು ಕೇಳಿ ಕಾಯುವುದೂ ಕಲಿಕೆಯೇ. ಥೆರಪಿಸ್ಟರನ್ನು ನೇರವಾಗಿ ಕೇಳಿ: 'ಈ ತಿಂಗಳು ಮನೆಯಲ್ಲಿ ಮಾಡಲು ಎರಡೇ ಎರಡು ಕೆಲಸ ಹೇಳಿ. ಮನೆಯವರೆಲ್ಲ ಮಾಡುವಂಥದ್ದು ಹೇಳಿ.'

'ಪೂರ್ತಿ ವಾಸಿ ಮಾಡುತ್ತೇವೆ' ಎನ್ನುವವರಿಂದ ದೂರವಿರಿ. ಸಾಲ ಮಾಡಿ, ಒಡವೆ ಅಡವಿಟ್ಟು ಕಟ್ಟಿದ ಹಣ ಹೋದಾಗ ಜೊತೆಗೆ ಧೈರ್ಯವೂ ಹೋಗುತ್ತದೆ. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆಯನ್ನು ಶಿಫಾರಸು ಮಾಡಲಾಗದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ.

ತಾಯಿಯ ದೇಹ, ತಾಯಿಯ ಮನಸ್ಸು

ಮಗುವನ್ನು ಎತ್ತಿ ಇಳಿಸಿ ಸೊಂಟ ಹಿಡಿದುಕೊಂಡ ತಾಯಂದಿರು ಲೆಕ್ಕವಿಲ್ಲದಷ್ಟು. ಎತ್ತುವಾಗ ಸೊಂಟ ಬಗ್ಗಿಸದೆ ಮಂಡಿ ಬಗ್ಗಿಸಿ, ಮಗುವನ್ನು ಎದೆಗೆ ಹತ್ತಿರ ಹಿಡಿಯಿರಿ, ಎತ್ತಿಕೊಂಡೇ ಸೊಂಟ ತಿರುಗಿಸಬೇಡಿ. ಮಗು ಭಾರವಾದಂತೆ ಇಬ್ಬರು ಸೇರಿ ಎತ್ತುವುದು ರೂಢಿಯಾಗಲಿ. ವೀಲ್‌ಚೇರ್ ತಂದರೆ ಮಗು ನಡೆಯುವ ಆಸೆ ಬಿಟ್ಟಂತೆ ಎಂದು ಭಾವಿಸಬೇಡಿ, ಅದು ನಿಮ್ಮಿಬ್ಬರನ್ನೂ ಕಾಯುವ ಸಾಧನ. ಕೇಂದ್ರ ಸರ್ಕಾರದ ಎಡಿಪ್ ಯೋಜನೆಯಲ್ಲಿ ಆದಾಯಕ್ಕೆ ತಕ್ಕಂತೆ ಉಚಿತವಾಗಿ ಅಥವಾ ರಿಯಾಯಿತಿಯಲ್ಲಿ ಇಂಥ ಸಾಧನಗಳು ಸಿಗುತ್ತವೆ. ಮಗುವನ್ನು ಆಸ್ಪತ್ರೆಗೆ ಕರೆದೊಯ್ಯುವ ದಿನವೇ ವರ್ಷಕ್ಕೊಮ್ಮೆ ನಿಮ್ಮ ಬಿ.ಪಿ., ಶುಗರ್, ಥೈರಾಯ್ಡ್, ಹಿಮೋಗ್ಲೋಬಿನ್ ಪರೀಕ್ಷೆಯನ್ನೂ ಮಾಡಿಸಿಕೊಂಡು ಬನ್ನಿ.

ಇನ್ನು ಮನಸ್ಸು. ಎರಡು ವಾರಕ್ಕೂ ಹೆಚ್ಚು ಕಾಲ ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಮಗು ಮಲಗಿದ್ದರೂ ನಿಮಗೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, 'ನಾನು ಯಾತಕ್ಕೂ ಬಾರದವಳು' ಎನ್ನಿಸುತ್ತಲೇ ಇದ್ದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ. ಸಿಟ್ಟು ತಡೆಯಲಾಗದೆ ಮಗುವಿಗೆ ಹೊಡೆದು, ಆಮೇಲೆ ಅಡುಗೆಮನೆಯಲ್ಲಿ ನಿಂತು ಅತ್ತ ತಾಯಂದಿರೂ ಇದ್ದಾರೆ. ಕೈ ಎತ್ತುವ ಹಂತ ಬಂತು ಎನ್ನಿಸಿದ ಕೂಡಲೇ ಮಗುವನ್ನು ಸುರಕ್ಷಿತ ಜಾಗದಲ್ಲಿ ಕೂರಿಸಿ ಎರಡು ಹೆಜ್ಜೆ ಆಚೆ ಬನ್ನಿ. ಮುಖಕ್ಕೆ ತಣ್ಣೀರು ಹಾಕಿಕೊಳ್ಳಿ, ಉಸಿರನ್ನು ನಿಧಾನವಾಗಿ ಎಳೆದು ಅದಕ್ಕಿಂತ ನಿಧಾನವಾಗಿ ಬಿಡಿ. ಮನಸ್ಸು ತಿಳಿಯಾದ ಮೇಲೆ ಒಳಗೆ ಹೋಗಿ.

ಬದುಕೇ ಬೇಡ, ಮಗುವನ್ನೂ ಕರೆದುಕೊಂಡು ಹೋಗಿಬಿಡೋಣ ಎಂಬ ಯೋಚನೆ ಒಮ್ಮೆ ಸುಳಿದರೂ ಅದನ್ನು ಒಳಗೆ ಇಟ್ಟುಕೊಳ್ಳಬೇಡಿ. ಆ ಕ್ಷಣವೇ ಯಾರಿಗಾದರೂ ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶಿ ಸಂಸ್ಥೆ.

ನಾಲ್ಕೈದು ತಾಯಂದಿರ ಕೂಟ

ಥೆರಪಿ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತ ತಾಯಂದಿರ ನಡುವೆ ಮೊದಲ ದಿನ ಮೌನ, ಎರಡನೆಯ ವಾರ ಹೆಸರು, ಮೂರನೆಯ ವಾರಕ್ಕೆ ಡಬ್ಬಿಯ ತಿಂಡಿ ಹಂಚಿಕೆ. ಆ ಪರಿಚಯವನ್ನು ಅಲ್ಲಿಗೇ ಬಿಡಬೇಡಿ. ನಮ್ಮ ಹಳ್ಳಿಗಳಲ್ಲಿ ಸ್ತ್ರೀಶಕ್ತಿ ಸಂಘ ನಡೆಸಿದ ಹೆಂಗಸರಿಗೆ ಕೂಟ ಕಟ್ಟುವುದು ಹೊಸದೇನಲ್ಲ. ನಾಲ್ಕೈದು ಮಂದಿ ಸಾಕು. ಹದಿನೈದು ದಿನಕ್ಕೊಮ್ಮೆ ಯಾರದಾದರೂ ಮನೆಯಲ್ಲೋ ಅಂಗನವಾಡಿಯಲ್ಲೋ ಸೇರಿ. ಮೂರು ನಿಯಮ ಇರಲಿ: ಇಲ್ಲಿ ಆಡಿದ ಮಾತು ಹೊರಗೆ ಹೋಗಬಾರದು, ಮಕ್ಕಳನ್ನು ಹೋಲಿಸಬಾರದು, ಕೇಳದೆ ಬುದ್ಧಿವಾದ ಹೇಳಬಾರದು. ನಂಬಿಕೆ ಬಂದ ಮೇಲೆ ಸರದಿಯ ಮೇಲೆ ಒಬ್ಬರ ಮಗುವನ್ನು ಇನ್ನೊಬ್ಬರು ಒಂದೆರಡು ಗಂಟೆ ನೋಡಿಕೊಳ್ಳಿ. ಬರೆದಿಟ್ಟ ಹಾಳೆ ಇಲ್ಲಿಯೂ ಕೆಲಸಕ್ಕೆ ಬರುತ್ತದೆ.

ಈ ದೇಶದ ಹಲವು ದೊಡ್ಡ ಸಂಸ್ಥೆಗಳು ಹೀಗೆ ತಾಯಂದಿರಿಂದಲೇ ಹುಟ್ಟಿದವು. 1972ರಲ್ಲಿ ಮುಂಬೈಯಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಇಂಡಿಯಾ ಆರಂಭಿಸಿದ ಮಿಥು ಅಲೂರ್ ಅವರ ಮಗಳಿಗೆ ಸೆರೆಬ್ರಲ್ ಪಾಲ್ಸಿ ಇತ್ತು. 1991ರಲ್ಲಿ ದೆಹಲಿಯಲ್ಲಿ ಆ್ಯಕ್ಷನ್ ಫಾರ್ ಆಟಿಸಂ ಕಟ್ಟಿದ ಮೆರ್ರಿ ಬರುವಾ ಆಟಿಸಂ ಇರುವ ಮಗನ ತಾಯಿ. ಪೋಷಕರ ಸಂಘಗಳ ರಾಷ್ಟ್ರಮಟ್ಟದ ಒಕ್ಕೂಟ 'ಪರಿವಾರ್' ಕೂಡ ಇದೆ. ಎಲ್ಲರೂ ಸಂಸ್ಥೆ ಕಟ್ಟಬೇಕಿಲ್ಲ, ಇರುವ ಕೂಟ ಸೇರಿದರೂ ಸಾಕು.

ಕಾಗದಪತ್ರ: ಒಂದು ಸಲ ಮಾಡಿಸಿದರೆ ನಿರಾಳ

ಕಚೇರಿ ಅಲೆಯುವ ಈ ಕೆಲಸವನ್ನು ಮನೆಯ ಇನ್ನೊಬ್ಬರಿಗೆ ಪೂರ್ತಿ ವಹಿಸಿ. ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯು, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಮೊದಲು ಕಾಣಿ.

• ಯುಡಿಐಡಿ ಕಾರ್ಡ್: ಇದು ವಿಕಲಚೇತನರ ಗುರುತಿನ ಚೀಟಿ. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು, ತಪಾಸಣೆ ಸರ್ಕಾರಿ ಆಸ್ಪತ್ರೆಯಲ್ಲಿ. ಬಹುತೇಕ ಸೌಲಭ್ಯಗಳಿಗೆ ಇದೇ ಬಾಗಿಲು. ಶೇ 40ಕ್ಕಿಂತ ಕಡಿಮೆಯಿಲ್ಲದ ವಿಕಲತೆ ಇದ್ದವರಿಗೆ ಹೆಚ್ಚಿನ ಸೌಲಭ್ಯಗಳು ಅನ್ವಯಿಸುತ್ತವೆ. ಚಿಕ್ಕ ಮಕ್ಕಳಿಗೆ ತಾತ್ಕಾಲಿಕ ಪ್ರಮಾಣಪತ್ರ ಕೊಟ್ಟಿದ್ದರೆ ನವೀಕರಿಸುವ ದಿನಾಂಕ ಬರೆದಿಡಿ.

• ನಿರಾಮಯ ವಿಮೆ: ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ, ಬಹುವಿಕಲತೆ ಇರುವವರಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್ ನೀಡುವ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆ. ಥೆರಪಿಯ ಖರ್ಚೂ ಇದರಲ್ಲಿ ಸೇರುತ್ತದೆ. ಬಿಲ್ಲುಗಳನ್ನು ಜೋಪಾನ ಮಾಡಿ.

• ಶಾಲೆ: 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಶೇ 40 ಮತ್ತು ಅದಕ್ಕಿಂತ ಹೆಚ್ಚು ವಿಕಲತೆ ಇರುವ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕಿದೆ. ಶಾಲೆಗೆ ಬರಲಾಗದ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣದ ವ್ಯವಸ್ಥೆ ಇದೆ, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯಲ್ಲಿ ವಿಚಾರಿಸಿ.

• ಮಾಸಾಶನ: ವಿಕಲತೆಯ ಪ್ರಮಾಣ ಮತ್ತು ಆದಾಯ ನೋಡಿ ರಾಜ್ಯ ಸರ್ಕಾರ ಕೊಡುತ್ತದೆ. ನಾಡಕಚೇರಿಯಲ್ಲಿ ಅರ್ಜಿ ಹಾಕಬಹುದು.

• ಆದಾಯ ತೆರಿಗೆ: ಹಳೆಯ ಪದ್ಧತಿ ಆರಿಸಿಕೊಂಡವರಿಗೆ ಅವಲಂಬಿತ ಮಗುವಿನ ಲೆಕ್ಕದಲ್ಲಿ 75,000 ರೂಪಾಯಿ, ಶೇ 80 ಮತ್ತು ಅದಕ್ಕಿಂತ ಹೆಚ್ಚು ವಿಕಲತೆ ಇದ್ದರೆ 1,25,000 ರೂಪಾಯಿ ಕಡಿತ ಸಿಗುತ್ತದೆ.

• ಪ್ರಯಾಣ: ಶಕ್ತಿ ಯೋಜನೆಯಲ್ಲಿ ತಾಯಂದಿರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ಇಲ್ಲ. ಮಗುವಿಗೆ ರಿಯಾಯಿತಿ ಪಾಸು ಮಾಡಿಸಿ.

• ತಪಾಸಣೆ, ತರಬೇತಿ: ಜಿಲ್ಲಾಸ್ಪತ್ರೆಯ ಆರಂಭಿಕ ಹಸ್ತಕ್ಷೇಪ ಕೇಂದ್ರ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆ 'ಆಯಿಷ್', ಬೆಂಗಳೂರಿನ ನಿಮ್ಹಾನ್ಸ್, ದಾವಣಗೆರೆಯ ಸಿಆರ್‌ಸಿ, ಅಂದರೆ ವಿಕಲಚೇತನರ ಸಂಯುಕ್ತ ಪ್ರಾದೇಶಿಕ ಕೇಂದ್ರ, ಸರ್ಕಾರಿ ವಲಯದಲ್ಲಿ ಸಿಗುವ ನೆಲೆಗಳು.

'ನಾನಿಲ್ಲದ ಮೇಲೆ?'

ಎಲ್ಲ ತಾಯಂದಿರ ಎದೆಯಲ್ಲಿರುವ ಪ್ರಶ್ನೆ ಇದು. ಕಾನೂನಿನ ಉತ್ತರ ಒಂದಿದೆ. 18 ತುಂಬುವವರೆಗೆ ತಂದೆತಾಯಿಯೇ ಪೋಷಕರು. ಆಮೇಲೆ, 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಸ್ಥಳೀಯ ಸಮಿತಿಯಲ್ಲಿ ಅರ್ಜಿ ಹಾಕಿ ಕಾನೂನುಬದ್ಧ ಪೋಷಕರನ್ನು ನೇಮಿಸಿಕೊಳ್ಳಬಹುದು. ಮಗುವಿಗೆ 17 ಆದಾಗಲೇ ಈ ಬಗ್ಗೆ ವಿಚಾರಿಸಿ. ಆಸ್ತಿ ಇದ್ದರೆ ಮಗುವಿನ ಹೆಸರಿಗೆ ಸುಮ್ಮನೆ ಬರೆದುಬಿಡುವ ಬದಲು ವಕೀಲರನ್ನು ಕೇಳಿ ವಿಲ್ ಅಥವಾ ಟ್ರಸ್ಟ್ ಮಾಡಿಸಿ.

ಆದರೆ ಕಾಗದದಲ್ಲಿ ಹೆಸರಿದ್ದವರಿಗೆ ಮಗುವಿಗೆ ಊಟ ಮಾಡಿಸಲು ಬಾರದಿದ್ದರೆ ಆ ಕಾಗದ ಎಷ್ಟು ಪ್ರಯೋಜನಕ್ಕೆ ಬಂದೀತು? ಚಿಕ್ಕಮ್ಮನ ಕೈಯಿಂದಲೂ ಉಣ್ಣುವ, ಅಪ್ಪನ ಪಕ್ಕದಲ್ಲೂ ಮಲಗುವ, ಪಕ್ಕದ ಮನೆಯವರ ಜೊತೆಗೂ ಒಂದು ಗಂಟೆ ಇರಬಲ್ಲ ಮಗುವಿಗೆ ನಾಳೆಯ ಭಯ ಅಷ್ಟರಮಟ್ಟಿಗೆ ಕಡಿಮೆ. ಇವತ್ತು ನಿಮಗೆ ಒಂದು ಗಂಟೆಯ ನಿದ್ದೆ ಕೊಡುವ ಕೈಯೇ ನಾಳೆ ಮಗುವಿಗೆ ಆಸರೆಯಾಗುವ ಕೈ. ಆದ್ದರಿಂದ ವಿಶ್ರಾಂತಿ ಕೇಳುವಾಗ ನಾಚಿಕೊಳ್ಳಬೇಡಿ, ಮಗುವಿನ ಪಾಲಿನದನ್ನು ಕಸಿದುಕೊಳ್ಳುತ್ತಿದ್ದೇನೆ ಎಂದು ಕೊರಗಬೇಡಿ. ಈ ವಾರವೇ ಒಂದು ಕೆಲಸ ಆರಿಸಿ, ಒಬ್ಬರಿಗೆ ಕಲಿಸಿ, ಅವರ ಕೈಗೆ ಕೊಟ್ಟು ಒಂದು ಗಂಟೆ ಹೊರಗೆ ಹೋಗಿ ಬನ್ನಿ.